ಹಂಡೆ ಕಾಯಿಸಿದವರು ಯಾರು ಸ್ವಾಮಿ?

ಹೋದ ತಿಂಗಳು ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಣ್ಣ ಯುದ್ಧವೇ ನಡೆದುಹೋಯಿತು. ಕುಂದಾಪುರದ ಹತ್ತಿರ ಹಳ್ಳಿಮನೆಯಲ್ಲಿರುವ ಅಣ್ಣ ಎರಡೇ ಸಾಲು ಬರೆದಿದ್ದ. "ಹಳೇ ಬಚ್ಚಲುಮನೆ ಒಡೆಯುವುದು ಅಂತ ಮಾಡಿದ್ದೇವೆ. ಮಳೆಗಾಲಕ್ಕೆ ಮೊದಲು ಹೊಸ ಬಾತ್‌ರೂಮು, ಗೀಸರು ಆಗಬೇಕು." ಅಷ್ಟೇ. ಒಂದು ಗಂಟೆಯೊಳಗೆ ನಲವತ್ತು ಉತ್ತರ!

ಪುಣೆಯಲ್ಲಿರುವ ಚಿಕ್ಕಪ್ಪನ ಮಗ "ಬೇಡ ಅಣ್ಣ, ಪ್ಲೀಸ್" ಅಂದ, ಜೊತೆಗೆ ನಾಲ್ಕು ಅಳುವ ಮುಖ. ಬೆಂಗಳೂರಿನ ತಂಗಿ, ಆ ಹಂಡೆ ನೀರಲ್ಲಿ ಮಿಂದರೇ ತನಗೆ ಊರು ಮುಟ್ಟಿದ ಹಾಗೆ ಅಂತ ಬರೆದಳು. ಹೈದರಾಬಾದಿನಲ್ಲಿರುವ ಅಕ್ಕನ ಮಗ, ಮೂರು ವರ್ಷಕ್ಕೊಮ್ಮೆ ಊರಿಗೆ ಬಂದರೆ ಹೆಚ್ಚು, "ಹೆರಿಟೇಜ್" ಎಂಬ ಶಬ್ದವನ್ನೇ ಎತ್ತಿಬಿಟ್ಟ. ನಾನೇನು ಕಮ್ಮಿ? ಡೊಂಬಿವಲಿಯ ಫ್ಲಾಟಿನಲ್ಲಿ ಫ್ಯಾನಿನ ಕೆಳಗೆ ಕೂತು ಎಲ್ಲರಿಗಿಂತ ಉದ್ದದ್ದು ನಾನೇ ಬರೆದೆ. ಅಡಿಕೆ ಸಿಪ್ಪೆಯ ಹೊಗೆಯ ಪರಿಮಳ, ಮಳೆಗಾಲದ ಸಂಜೆ, ಹಂಡೆಯ ಬಾಯಲ್ಲಿ ಏಳುವ ಹಬೆ, ಅಮ್ಮ ಚೊಂಬಿನಲ್ಲಿ ಬೆನ್ನಿಗೆ ಹೊಯ್ಯುತ್ತಿದ್ದ ನೀರು... ಬರೆಯುತ್ತ ಬರೆಯುತ್ತ ನನಗೇ ಕಣ್ಣು ತುಂಬಿತು. ಹದಿಮೂರು ಜನ ಹೃದಯದ ಗುರುತು ಒತ್ತಿದರು.

ಮಾರನೇ ದಿನ ಅತ್ತಿಗೆಯ ಧ್ವನಿ ಬಂತು. ಅವರು ಆ ಗುಂಪಿನಲ್ಲಿ ಹುಟ್ಟುಹಬ್ಬಕ್ಕೆ ಶುಭಾಶಯ ಹೇಳುವುದು ಬಿಟ್ಟರೆ ಮಾತಾಡುವವರೇ ಅಲ್ಲ. ಹತ್ತು ಸೆಕೆಂಡಿನ ಧ್ವನಿ ಸಂದೇಶ. "ನೀವೆಲ್ಲ ಬಪ್ಪುದ್ ವರ್ಷಕ್ ಹತ್ ದಿನ. ಉಳ್ದ್ ಮುನ್ನೂರೈವತ್ತೈದ್ ದಿನ ಹೊಗೆ ಕುಡಿಯುದ್ ಯಾರ್?"

ಆಮೇಲೆ ಗುಂಪಿನಲ್ಲಿ ಎರಡು ದಿನ ಸದ್ದಿಲ್ಲ. ಮೂರನೇ ದಿನ ಯಾರೋ ಶುಭೋದಯದ ಗುಲಾಬಿ ಹಾಕಿ ಮಾತು ಬದಲಿಸಿದರು. ನಾನು ಬದಲಿಸುವುದಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರಲ್ಲಿ ನಾನೇ ಮೊದಲಿಗ. ನೀವೂ ಊರು ಬಿಟ್ಟು ಇಪ್ಪತ್ತು ಮೂವತ್ತು ವರ್ಷವಾಗಿ, ಮುಂಬಯಿಯಲ್ಲೋ ಚೆನ್ನೈಯಲ್ಲೋ ಕೂತು, ಊರಮನೆ ಹೇಗಿತ್ತೋ ಹಾಗೇ ಇರಲಿ ಎಂದು ಬಯಸುವವರಾಗಿದ್ದರೆ ಈ ಜಗಳ ನಿಮ್ಮ ಜೊತೆಗೂ ಹೌದು.

ಮೊದಲು ಆ ಹಂಡೆಯ ಲೆಕ್ಕವನ್ನೇ ಮಾಡೋಣ. ಯಾರೂ ಮಾಡಿದ್ದಿಲ್ಲ, ನಾನೂ ಮಾಡಿದ್ದಿಲ್ಲ. ನಮ್ಮ ಮನೆಯ ತಾಮ್ರದ ಹಂಡೆ ತುಂಬಲು ಒಂಬತ್ತು ಕೊಡಪಾನ ಬೇಕು. ಒಂದು ಕೊಡಕ್ಕೆ ಹನ್ನೆರಡು ಲೀಟರ್ ಹಿಡಿಯಿರಿ. ಲೀಟರಿಗೆ ಒಂದು ಕಿಲೋ, ಅಂದರೆ ನೂರಾ ಎಂಟು ಕಿಲೋ. (ಪವಿತ್ರ ಸಂಖ್ಯೆ, ಬೇಕಿದ್ದರೆ ಜಪ ಮಾಡಬಹುದು.) ಬಾವಿ ಮೂವತ್ತು ಅಡಿ ಆಳ. ಒಂದೊಂದು ಕೊಡವನ್ನೂ ರಾಟೆಯಲ್ಲಿ ಸೇದಿ, ಸೊಂಟದ ಮೇಲಿಟ್ಟು, ಜಾರುವ ಅಂಗಳ ದಾಟಿ ತಂದು ಸುರಿಯಬೇಕು. ಆಗ ಮನೆಯಲ್ಲಿ ಹನ್ನೊಂದು ಜನ. ಬೆಳಿಗ್ಗೆ ಒಂದು ಹಂಡೆ, ಸಂಜೆ ಒಂದು ಹಂಡೆ. ದನಕ್ಕೆ, ಅಡಿಗೆಗೆ, ಪಾತ್ರೆಗೆ ಬೇಕಾದ ನೀರು ಬೇರೆ.

ಇನ್ನು ಬೆಂಕಿ. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಹೆಚ್ಚುಕಡಿಮೆ 4 ಯೂನಿಟ್ ವಿದ್ಯುತ್ತು ಬೇಕು. ಒಂದು ಕಿಲೋ ಒಣ ಸೌದೆಯಲ್ಲೂ ಸುಮಾರು ಅಷ್ಟೇ ಶಾಖ ಇದೆ. ಆದರೆ ನಮ್ಮ ಬಚ್ಚಲಿನ ತೆರೆದ ಒಲೆಯಲ್ಲಿ ಬಹುಪಾಲು ಶಾಖ ಗೋಡೆಗೆ, ಗಾಳಿಗೆ, ಅಮ್ಮನ ಮುಖಕ್ಕೆ. ಹಾಗಾಗಿ ಒಂದು ಹಂಡೆಗೆ ಆರೇಳು ಕಿಲೋ ಸೌದೆ ಬೇಕೇ ಬೇಕು. ಸೌದೆ ಉಳಿಸಲಿಕ್ಕೆ ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ, ಮಡಲು, ಒಣಗಿದ ಎಲೆ. ಅವೆಲ್ಲ ಬೇಗ ಹತ್ತಿ ಬೇಗ ಮುಗಿಯುತ್ತವೆ, ಒಲೆಯ ಮುಂದಿಂದ ಏಳುವ ಹಾಗಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುವ ನಾಡು ನಮ್ಮದು. ಜುಲೈ ತಿಂಗಳಲ್ಲಿ ಅಲ್ಲಿ ಯಾವುದು ಒಣಗಿರುತ್ತದೆ ಹೇಳಿ? ಹಸಿ ಸೌದೆಗೆ ಊದುಕೊಳವೆ ಹಿಡಿದು ಕೂತವರಿಗೆ ಗೊತ್ತು ಅದರ "ಪರಿಮಳ".

ನಾವು ಬೆಳಿಗ್ಗೆ ಏಳುವಾಗ ನೀರು ಕಾದಿರುತ್ತಿತ್ತು. ಈ ವಾಕ್ಯವನ್ನು ನಾನು ಎಷ್ಟು ಸಲ ಬರೆದಿದ್ದೇನೋ. ನೋಡಿ, ಅದರಲ್ಲಿ ಕಾಯಿಸಿದವರೇ ಇಲ್ಲ. ನೀರು ತಾನಾಗಿ ಕಾಯುತ್ತಿತ್ತು, ದೋಸೆ ಹಿಟ್ಟು ತಾನಾಗಿ ಹುಳಿ ಬರುತ್ತಿತ್ತು, ಹಾಸಿಗೆ ತಾನಾಗಿ ಮಡಚಿಕೊಳ್ಳುತ್ತಿತ್ತು. ನಮ್ಮ ಬಾಲ್ಯದ ಮನೆಗಳಲ್ಲಿ ಎಲ್ಲವೂ ತಾನಾಗಿಯೇ ಆಗುತ್ತಿತ್ತು ಅಂತ ಕಾಣುತ್ತದೆ!

ಕಡೆಯುವ ಕಲ್ಲಿನ ವಿಷಯವೂ ಅದೇ. ರಾತ್ರಿ ಊಟವಾಗಿ, ಪಾತ್ರೆ ತೊಳೆದಾದ ಮೇಲೆ ಅಮ್ಮ ಮತ್ತು ಚಿಕ್ಕಮ್ಮ ಕಲ್ಲಿನ ಮುಂದೆ ಕೂರುತ್ತಿದ್ದರು. ನಾವು ಮಕ್ಕಳು ಚಾಪೆಯ ಮೇಲೆ ಸಾಲಾಗಿ ಮಲಗಿ ಆ ಗುರುಗುರು ಸದ್ದು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆವು. ಜೋಗುಳದ ಹಾಗಿತ್ತು ಅಂತ ನಾನೇ ಎಲ್ಲೋ ಬರೆದದ್ದುಂಟು. ಜೋಗುಳ ನಮಗೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದವರಿಗೆ ರಾತ್ರಿ ಹತ್ತಕ್ಕೆ ಅದು ಏನು? ಓವರ್‌ಟೈಮು, ಅದೂ ಸಂಬಳವಿಲ್ಲದ್ದು.

ಸಂಬಳಕ್ಕೆ ಹಿಟ್ಟು ಕಡೆದವರೂ ಇದ್ದಾರೆ, ಅವರನ್ನು ಕೇಳಿ ನೋಡಿ. ಮುಂಬಯಿಯ ಉಡುಪಿ ಹೋಟೆಲುಗಳಿಗೆ ನಮ್ಮ ಕಡೆಯಿಂದ ಹತ್ತು ಹನ್ನೆರಡು ವರ್ಷಕ್ಕೇ ಬಂದು ಸೇರಿದ ಹುಡುಗರ ಕಥೆ ನಿಮಗೆ ಹೊಸತಲ್ಲ. ಹಗಲು ಟೇಬಲ್ ಒರೆಸಿ ರಾತ್ರಿಶಾಲೆಯಲ್ಲಿ ಕನ್ನಡ ಕಲಿತವರು ಎಷ್ಟೋ ಜನ. ಅವರಲ್ಲಿ ಕೆಲವರ ಕೆಲಸವೇ ರುಬ್ಬುವುದು. ಮಾಟುಂಗಾದ ಹೋಟೆಲೊಂದರಲ್ಲಿ ಅರವತ್ತರ ದಶಕದಲ್ಲಿ ರುಬ್ಬುತ್ತಿದ್ದ ನಮ್ಮೂರಿನ ಹಿರಿಯರೊಬ್ಬರನ್ನು ನಾನು ಇಲ್ಲಿಗೆ ಬಂದ ಹೊಸತರಲ್ಲಿ ಆಗಾಗ ಭೇಟಿ ಮಾಡುತ್ತಿದ್ದೆ. ಅಂಗೈ ಹಲಗೆಯ ಹಾಗೆ. ಬಲಭುಜ ಎಡಭುಜಕ್ಕಿಂತ ಸ್ವಲ್ಪ ಕೆಳಗೆ. ಹೋಟೆಲಿಗೆ ಕರೆಂಟಿನ ಗ್ರೈಂಡರ್ ಬಂದ ದಿನದ ಬಗ್ಗೆ ಅವರು ಹೇಳುತ್ತಿದ್ದ ರೀತಿ, ಮಗ ಹುಟ್ಟಿದ ದಿನದ ಬಗ್ಗೆ ಹೇಳುವ ಹಾಗಿತ್ತು. ಕಲ್ಲಿನ ರುಚಿ ಹೋಯಿತು ಅಂತ ಅವರು ಒಂದು ದಿನವೂ ಅತ್ತದ್ದಿಲ್ಲ. ಅವರ ಹಿಟ್ಟಿನ ದೋಸೆ ತಿಂದವರು ಅತ್ತಿರಬಹುದು.

ಕಡೆದವರಿಗೂ ತಿಂದವರಿಗೂ ಇರುವ ವ್ಯತ್ಯಾಸವೇ ಇದು. ಹಾಗಾದರೆ ಮನೆಯ ಹೆಂಗಸರು ಯಾಕೆ ಹೀಗೆ ಬಾಯಿ ಬಿಟ್ಟು ಹೇಳಲಿಲ್ಲ ಅಂತ ನೀವು ಕೇಳಬಹುದು. "ನಮ್ಮಮ್ಮ ಸಂತೋಷದಿಂದ ಮಾಡ್ತಿದ್ದಳು ಸ್ವಾಮಿ, ಒಂದು ದಿನ ಗೊಣಗಲಿಲ್ಲ" ಅನ್ನುವ ಮಾತು ನಮ್ಮ ಕೂಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದಕ್ಕೆ ಉತ್ತರವಾಗಿ ನನ್ನ ಹತ್ತಿರ ಇರುವುದು ಒಂದೇ ಘಟನೆ. ಬರೆಯಲು ಅಷ್ಟೇನೂ ಖುಷಿಯಿಲ್ಲ.

1994ರಲ್ಲಿ ನನ್ನ ಹೆಂಡತಿಯ ಬಾಣಂತನಕ್ಕೆಂದು ಅಮ್ಮ ಡೊಂಬಿವಲಿಗೆ ಬಂದಳು. ಆಗ ಕೊಂಕಣ ರೈಲು ಪೂರ್ತಿಯಾಗಿರಲಿಲ್ಲ, ಅದು ಉದ್ದಕ್ಕೂ ಓಡಲು ಶುರುವಾದದ್ದು 1998ರಲ್ಲಿ. ಘಟ್ಟ ಹತ್ತಿ, ಒಂದು ದಿನಕ್ಕೂ ಮಿಕ್ಕಿ ಬಸ್ಸಿನಲ್ಲಿ ಕೂತು, ಕಾಲು ಊದಿಸಿಕೊಂಡು ಬಂದಿದ್ದಳು. ಮೊದಲು ಮೀಯಬೇಕು ಅಂದಳು. ಬಾತ್‌ರೂಮಿನಲ್ಲಿ ಗೀಸರಿನ ಸ್ವಿಚ್ಚು ಒತ್ತಿ, ಸ್ವಲ್ಪ ಹೊತ್ತಿಗೆ ನಲ್ಲಿ ತಿರುಗಿಸಿ ತೋರಿಸಿದೆ. ಅಮ್ಮ ನೀರಿಗೆ ಕೈಯೊಡ್ಡಿ ನಿಂತಳು. ಸುಡುತ್ತದೆ ಅಂದರೂ ತೆಗೆಯಲಿಲ್ಲ.

"ಒತ್ತಿರೆ ಆಯ್ತಾ? ಅಷ್ಟೇಯಾ?"

ಅಷ್ಟೇ ಅಮ್ಮ ಅಂದೆ.

"ಇದ್ ಬಂದ್ ಎಷ್ಟ್ ವರ್ಷ ಆಯ್ತ್?"

ನಮ್ಮ ಮನೆಗಾ? ಮೂರು ವರ್ಷ ಆಯ್ತು ಅಂದೆ. ಅಲ್ಲ, ಇಂಥದ್ದು ಅಂತ ಲೋಕದಲ್ಲಿ ಬಂದು ಎಷ್ಟು ವರ್ಷ ಆಯ್ತು ಅಂತ ಅವಳು ಕೇಳಿದ್ದು. ನನಗೆ ಗೊತ್ತಿರಲಿಲ್ಲ. ತುಂಬ ವರ್ಷ ಆಯ್ತಮ್ಮ ಅಂದೆ. ಅವಳು ಬಾಗಿಲು ಹಾಕಿಕೊಂಡಳು. ಆ ದಿನ ಅವಳು ಮಿಂದು ಬರಲು ಮುಕ್ಕಾಲು ಗಂಟೆ ಹಿಡಿಯಿತು.

ಮೂರು ತಿಂಗಳು ಇದ್ದು ಹೊರಡುವ ಹಿಂದಿನ ರಾತ್ರಿ, ಮಗುವಿನ ಬಟ್ಟೆ ಮಡಚುತ್ತ ಸುಮ್ಮನೆ ಹೇಳಿದ ಹಾಗೆ ಹೇಳಿದಳು, ಈಗ ಊರಲ್ಲೂ ಕರೆಂಟು ಇದೆಯಲ್ಲ, ಅಂತ. ಬೇಕು ಎಂದು ಕೇಳಲಿಲ್ಲ. ಅವಳು ಯಾವತ್ತೂ ಏನನ್ನೂ ಹಾಗೆ ಕೇಳಿದವಳಲ್ಲ. ನನಗೆ ಅರ್ಥವಾಗಲಿಲ್ಲವೇ? ಆಯಿತು. ಸುಳ್ಳು ಹೇಳಬಾರದು, ಚೆನ್ನಾಗಿಯೇ ಅರ್ಥವಾಯಿತು. ಆದರೂ ನಾನು ನಕ್ಕು ಹೇಳಿದ್ದು, "ನಮ್ಮ ಹಂಡೆ ನೀರಿನ ಮುಂದೆ ಇದೆಲ್ಲ ಎಂಥದ್ದಮ್ಮ!" ಅವಳೂ ನಕ್ಕಳು.

ಪ್ರತಿ ವರ್ಷ ಊರಿಗೆ ಹೋಗುವಾಗ ಅವಳಿಗೆ ಸೀರೆ ಒಯ್ದಿದ್ದೇನೆ. ಒಮ್ಮೆ ಚಿನ್ನದ ಬಳೆ. ಕಾಶಿಗೆ ಕರೆದುಕೊಂಡು ಹೋಗಿದ್ದೇನೆ. ಒಂದು ಗೀಸರು ತೆಗೆದುಕೊಟ್ಟಿಲ್ಲ. ದುಡ್ಡಿಲ್ಲದೆ ಅಲ್ಲ. ಮೇ ತಿಂಗಳಲ್ಲಿ ಹತ್ತು ದಿನ ಹೋದಾಗ ನನಗೆ ಹಂಡೆ ನೀರು ಬೇಕಿತ್ತು, ಅದಕ್ಕೆ. 2007ರಲ್ಲಿ ಅಮ್ಮ ಹೋದಳು. ಕೊನೆಯ ನಾಲ್ಕೈದು ವರ್ಷ ಕೆಮ್ಮು ಬಿಟ್ಟಿರಲಿಲ್ಲ. ಅದು ಹೊಗೆಯಿಂದಲೇ ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ, ನಾನೂ ಹೇಳುವುದಿಲ್ಲ. ಆದರೆ ಬೀಡಿ ಸಿಗರೇಟು ಮುಟ್ಟದ ಹೆಂಗಸಿಗೆ ಆ ಕೆಮ್ಮು ಎಲ್ಲಿಂದ ಅಂತ ಒಂದು ದಿನ ಯೋಚಿಸಬಹುದಿತ್ತಲ್ಲ, ಅದನ್ನೂ ಮಾಡಲಿಲ್ಲ.

ಮನೆಯೊಳಗಿನ ಒಲೆಯ ಹೊಗೆಯಿಂದ 2020ರಲ್ಲಿ ಲೋಕದಲ್ಲಿ 32 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ದೇಶದಲ್ಲಿ 2011ರ ಜನಗಣತಿಯ ಹೊತ್ತಿಗೂ ಹೆಚ್ಚುಕಡಿಮೆ ಅರ್ಧದಷ್ಟು ಮನೆಗಳಲ್ಲಿ ಅಡಿಗೆ ಸೌದೆಯಲ್ಲೇ ಆಗುತ್ತಿತ್ತು. ಬಡವರ ಮನೆಗೆ ಗ್ಯಾಸ್ ಮುಟ್ಟಿಸುವ ಉಜ್ವಲಾ ಯೋಜನೆ ಬಂದದ್ದು 2016ರಲ್ಲಿ. ಅದರಲ್ಲಿ ಏನು ಸರಿ ಏನು ತಪ್ಪು ಎಂಬುದು ಬೇರೆ ಚರ್ಚೆ. ಹೆಂಗಸರ ಕಣ್ಣು ಪುಪ್ಪುಸ ಉಳಿಸಬೇಕು ಅಂತ ಸರಕಾರಕ್ಕೂ ಹೊಳೆದಿತ್ತು, ನಮಗೆ ಅದರಲ್ಲಿ ಹೆರಿಟೇಜ್ ಕಾಣಿಸುತ್ತಿತ್ತು, ನಾನು ಹೇಳುವುದು ಅಷ್ಟೇ.

ಇನ್ನೊಂದು ವಾದ ಇದೆ, ಅದು ಕೇಳಿದರೆ ನನಗೆ ಮೈ ಉರಿಯುತ್ತದೆ. "ಆಗಿನ ಹೆಂಗಸರಿಗೆ ಅದೇ ವ್ಯಾಯಾಮ. ನೀರು ಸೇದಿ, ಹಿಟ್ಟು ಕಡೆದು ಗಟ್ಟಿಯಾಗಿದ್ದರು. ಈಗಿನವರು ಜಿಮ್ಮಿಗೆ ಹೋಗ್ತಾರೆ." ಹೇಳುವವರು ಯಾವಾಗಲೂ ಗಂಡಸರು, ಯಾವಾಗಲೂ ಊಟವಾದ ಮೇಲೆ. ಅಷ್ಟು ಒಳ್ಳೆಯ ವ್ಯಾಯಾಮವಾಗಿದ್ದರೆ ಗಂಡಸರು ಅದನ್ನು ಹೆಂಗಸರಿಗೆ ಬಿಡುತ್ತಿದ್ದರೇ? ನಮ್ಮ ಅಪ್ಪಯ್ಯ ತೋಟದಲ್ಲಿ ಮೈಮುರಿದು ದುಡಿದವರು, ಇಲ್ಲ ಅನ್ನುವುದಿಲ್ಲ. ಆದರೆ ಕತ್ತಲಾದ ಮೇಲೆ ಅವರ ಕೆಲಸ ಮುಗಿಯುತ್ತಿತ್ತು. ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಅಮ್ಮ ಜಗಲಿಯಲ್ಲಿ ಕೂತದ್ದು ನನಗೆ ನೆನಪೇ ಇಲ್ಲ.

ಅದೆಲ್ಲ ಹಳೇ ಕಾಲ ಅನ್ನಬೇಡಿ. ದೇಶದಲ್ಲಿ ಯಾರು ದಿನವನ್ನು ಹೇಗೆ ಕಳೆಯುತ್ತಾರೆಂದು 2019ರಲ್ಲಿ ಸರಕಾರವೇ ಸಮೀಕ್ಷೆ ಮಾಡಿಸಿತ್ತು. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಆ "ಮಾಡುವ ಗಂಡಸರು" ನೂರಕ್ಕೆ 26 ಜನ ಮಾತ್ರ. ನಾನು ಆ 26ರಲ್ಲಿ ಇದ್ದೇನೆ ಅಂತ ಹೆಂಡತಿಗೆ ಓದಿ ಹೇಳಿದೆ. ಅವಳು ನನ್ನನ್ನೊಮ್ಮೆ ನೋಡಿ ಚಾ ಕುಡಿದ ಲೋಟ ಎಲ್ಲಿಟ್ಟಿದ್ದೀರಿ ಅಂತ ಕೇಳಿದಳು.

ಇರಲಿ. ಹಂಡೆ ನೀರಿನ ಸುಖ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ಸುಳ್ಳಾಗಿದ್ದರೆ ಇಷ್ಟು ಕಷ್ಟವೇ ಇರಲಿಲ್ಲ. ಧೋ ಎಂದು ಮಳೆ ಸುರಿಯುವಾಗ, ಕರಿಹಿಡಿದ ಬಚ್ಚಲಲ್ಲಿ, ಒಲೆಯ ಕೆಂಡದ ಬೆಳಕಿನಲ್ಲಿ ಬಿಸಿಬಿಸಿ ನೀರು ತಲೆಗೆ ಬಿದ್ದರೆ ಆಗುವ ಹಿತ ಯಾವ ಶವರಿನಲ್ಲೂ ಇಲ್ಲ. ದೀಪಾವಳಿಗೆ ನೀರು ತುಂಬುವ ಸಂಜೆ ಹಂಡೆ ತಿಕ್ಕಿ ಹೊಳೆಯಿಸಿ, ಅದರ ಕುತ್ತಿಗೆಗೆ ಹಿಂಡಲೆಕಾಯಿ ಬಳ್ಳಿ ಸುತ್ತಿ, ಮಾರನೇ ದಿನ ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡು ಸರದಿ ಕಾಯುವ ಗೌಜಿ ನನ್ನ ಮಕ್ಕಳಿಗೆ ಸಿಗಲಿಲ್ಲವಲ್ಲ ಎಂಬ ಬೇಜಾರು ನನಗೂ ಇದೆ. ತೋಟದ ಸಿಪ್ಪೆ ಮಡಲು ಹೇಗೂ ಬಿದ್ದು ಕೊಳೆಯುತ್ತದೆ, ಉರಿಸಿದರೆ ತಪ್ಪೇನು ಎಂಬ ಮಾತಿನಲ್ಲೂ ಅರ್ಥವಿದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟು ಹೋಗುವ ಊರಿನಲ್ಲಿ ಒಂದು ಒಲೆ ಇರಲೇಬೇಕು. ಕಲ್ಲಿನಲ್ಲಿ ಕಡೆದ ಹಿಟ್ಟಿನ ರುಚಿಯೂ ಬೇರೆಯೇ, ಅದನ್ನಂತೂ ಯಾರ ಜೊತೆ ಬೇಕಾದರೂ ವಾದಿಸುತ್ತೇನೆ. ಹೋದ ಮೇ ತಿಂಗಳಲ್ಲಿ ಅತ್ತಿಗೆ ಮಾಡಿದ ಉದ್ದಿನ ದೋಸೆ ತಿಂದು ನಾನು "ಇದು ಕಲ್ಲಿನದ್ದೇ, ಬಾಯಿಗಿಟ್ಟ ಕೂಡಲೇ ಗೊತ್ತಾಗ್ತದೆ" ಅಂದಿದ್ದೆ. ಆರು ತಿಂದಿದ್ದೆ.

ನನ್ನ ತಕರಾರು ಸುಖದ ಬಗ್ಗೆ ಅಲ್ಲ. ಆ ಸುಖವನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅಂತ ಹೇಳುವ ಹಕ್ಕು ಯಾರದ್ದು ಎಂಬುದರ ಬಗ್ಗೆ. ನಮ್ಮ ಮನೆಗಳಲ್ಲಿ ನಾವು ಏನನ್ನು ಉಳಿಸಿಕೊಂಡಿದ್ದೇವೆ? ಎಂಬತ್ತರ ದಶಕದಲ್ಲಿ ನಾನು ಚಾಳಿನಲ್ಲಿದ್ದೆ. ನಸುಕಿಗೆ ಒಂದು ಗಂಟೆ ಮಾತ್ರ ಬರುವ ನಲ್ಲಿ ನೀರನ್ನು ಹಿಡಿದು, ಸೀಮೆಎಣ್ಣೆ ಸ್ಟೌವಿಗೆ ಪಂಪು ಹೊಡೆದು, ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಾಯಿಸಿ ಮಿಂದಿದ್ದೇನೆ. ಅಲ್ಲಿಂದ ಹೊರಬಿದ್ದ ಮೇಲೆ ಆ ಸ್ಟೌವನ್ನು ನೆನಪಿಗೆಂದು ಇಟ್ಟುಕೊಂಡೆನೇ? ಮೊದಲು ಮಾರಿದ್ದು ಅದನ್ನೇ. ಮಿಕ್ಸಿ ಬಂತು, ಗೀಸರು ಬಂತು, ವಾಷಿಂಗ್ ಮೆಷೀನು ಬಂತು, ಪಾತ್ರೆಗೆ ಬಾಯಿ ಬಂದಳು, ಈಗ ಪೈಪಿನಲ್ಲಿ ಗ್ಯಾಸು. ಒಂದೊಂದು ಬಂದಾಗಲೂ ಪೂಜೆ ಮಾಡಿ ಪೇಡಾ ಹಂಚಿದ್ದೇವೆ. ಊರಲ್ಲಿ ಅಣ್ಣ ಒಂದು ಹಂಚು ತೆಗೆದು ಶೀಟು ಹಾಕಿದರೆ ಮಾತ್ರ ನಮಗೆ ಎದೆ ಒಡೆಯುತ್ತದೆ.

ನಾವು ಊರಮನೆಯನ್ನು ಒಂದು ಮ್ಯೂಸಿಯಂ ಮಾಡಿ ಅತ್ತಿಗೆಯನ್ನು ಅದರ ಕಾವಲಿಗೆ ಇಟ್ಟಿದ್ದೇವೆ. ಸಂಬಳವಿಲ್ಲ, ರಜೆಯೂ ಇಲ್ಲ. ಅದೂ ಯಾವ ವಯಸ್ಸಿನಲ್ಲಿ? ಅತ್ತಿಗೆಗೆ ಅರವತ್ತನಾಲ್ಕು. ಸೌದೆ ಒಡೆದುಕೊಡುತ್ತಿದ್ದವರು ಈಗ ಬರುವುದಿಲ್ಲ, ಅವರ ಮಗ ಗಲ್ಫಿನಲ್ಲಿದ್ದಾನೆ, ಬರಬೇಕಾಗಿಯೂ ಇಲ್ಲ. ಅಣ್ಣನಿಗೆ ಸೊಂಟನೋವು. ಇಷ್ಟೆಲ್ಲದರ ಮೇಲೆ, ಜನವರಿಯಲ್ಲಿ ಅತ್ತಿಗೆಗೆ ಕಣ್ಣಿನ ಪೊರೆ ತೆಗೆದಿದ್ದಾರೆ. ಹೊಗೆಯ ಹತ್ತಿರ ಹೋಗಬೇಡಿ ಅಂತ ಡಾಕ್ಟರು ಹೇಳಿದ್ದರಂತೆ. ಇದು ನಮ್ಮ ನಲವತ್ತು ಉತ್ತರಗಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆಪರೇಷನ್ ಆದದ್ದು ಗೊತ್ತಿತ್ತು, ಎಲ್ಲರೂ "ಬೇಗ ಗುಣವಾಗಿ" ಅಂತ ಹಾಕಿದ್ದೆವು. ಯಾಕೆ ಗೀಸರು ಅಂತ ಕೇಳಿದವರು ಯಾರೂ ಇಲ್ಲ.

ಪುಣೆಯ ತಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಪಾಪ, ಒಳ್ಳೆಯವನೇ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಹಾಗಾದರೆ ಹಂಡೆಯನ್ನು ನನಗೆ ಕೊಡಲಿ, ಹಾಲಿನಲ್ಲಿಟ್ಟು ಹೂವಿನ ಗಿಡ ನೆಡ್ತೇನೆ" ಅಂದ. ಹಾಗೆ ಮಾಡಿದ ಮನೆಗಳನ್ನೂ ಹೋಟೆಲುಗಳನ್ನೂ ನೀವು ನೋಡಿರುತ್ತೀರಿ. ಬಾಗಿಲಲ್ಲಿ ಹಂಡೆ, ಮೂಲೆಯಲ್ಲಿ ಒರಳು, ಗೋಡೆಗೆ ಊದುಕೊಳವೆ. ನಾನು ಬೈಯಲಿಲ್ಲ. ಕೊಡುವುದು ಬಿಡುವುದು ಅತ್ತಿಗೆಗೆ ಬಿಟ್ಟದ್ದು, ಅವರನ್ನೇ ಕೇಳು ಅಂದೆ. ಇನ್ನೂ ಕೇಳಿಲ್ಲ, ಧೈರ್ಯ ಬಂದಿಲ್ಲ ಅಂತ ಕಾಣುತ್ತದೆ.

ಗುಂಪಿನಲ್ಲಿ ನಾನು ಹಾಕಿದ ಆ ಉದ್ದನೆಯ ಬರಹವನ್ನು ಅಳಿಸಲು ಹೋದೆ, ಅವಧಿ ಮುಗಿದುಹೋಗಿದೆ, ಎಲ್ಲರಿಗೂ ಕಾಣುವ ಹಾಗೆ ಅಳಿಸಲು ಬರುವುದಿಲ್ಲ. ಅದರ ಕೆಳಗೇ ಬರೆದೆ, ಬಚ್ಚಲು ಒಡೆಯಲಿ, ಗೀಸರು ಮತ್ತು ಅದರ ವಯರಿಂಗಿನ ಖರ್ಚು ನನ್ನದು, ತಿಂಗಳ ಕರೆಂಟು ಬಿಲ್ಲನ್ನು ಹಂಡೆ ಬೇಕು ಅಂದವರೆಲ್ಲ ಸೇರಿ ಕಟ್ಟೋಣ ಅಂತ. ಇದಕ್ಕೆ ಇಲ್ಲಿಯವರೆಗೆ ಬಂದ ಉತ್ತರ ಮೂರು. ಹೃದಯದ ಗುರುತು ಒಂದೂ ಇಲ್ಲ.

ನಿನ್ನೆ ರಾತ್ರಿ ಅತ್ತಿಗೆಗೇ ಫೋನ್ ಮಾಡಿದೆ. ಗೀಸರು ಎಷ್ಟು ಲೀಟರಿನದು ಬೇಕು ಅಂತ ಕೇಳಿದೆ, ಹದಿನೈದು ಸಾಕು ಅಂದರು. ಹೇಗೂ ಕೇಳುತ್ತಿದ್ದೇನೆ, ಒಂದು ಗ್ರೈಂಡರನ್ನೂ ಕಳಿಸಲೇ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು ಕೇಳಿಸಿತು.

"ಗ್ರೈಂಡರಾ? ಅದ್ ತಕಂಡ್ ಹತ್ ವರ್ಷ ಆಯ್ತ್. ನೀವೆಲ್ಲ ಬಪ್ಪು ಟೈಮಿಗೆ ಹಿಂದಿನ್ ಕೋಣೆಲಿ ಇಡುದ್."

ಹಾಗಾದರೆ ಮೇ ತಿಂಗಳಿನ ದೋಸೆ?

"ಅದೂ ಗ್ರೈಂಡರಿಂದೇ. ಬಾಗ್ಲ್ ಹಾಕಿ ಕಡ್ದ್, ಬೆಳಿಗ್ಗೆ ಕಡೆಯು ಕಲ್ಲಿಗ್ ಒಂದ್ ಚೊಂಬ್ ನೀರ್ ಹೊಯ್ದ್ ಇಟ್ಟಿದ್ದೆ."